ಮಸ್ಕತ್ತಿಗೆ ಕೂಡಿಸಿದ ಹನ್ನೊಂದು ದಿನ

ಒಮಾನಿನಲ್ಲಿರುವ ನಮ್ಮ ಕರಾವಳಿಯವರು ಈ ಕಥೆಯನ್ನು ಹೇಳುವುದು ಹೀಗೆ. ಅಲ್ ಮಬೇಲಾದ ಒಂದು ಟ್ಯೂಷನ್ ಸಂಸ್ಥೆಯಲ್ಲಿ ಗೊತ್ತಿಲ್ಲದ್ದನ್ನೂ ಗೊತ್ತಿದ್ದವರಂತೆ ತಿದ್ದುವ ಒಬ್ಬ ಮುಖ್ಯಸ್ಥರಿದ್ದರು. ಅವರ ಕೈಕೆಳಗೆ ಯಾರಿಗೂ ಹೆದರದ ಒಬ್ಬಳು ಹುಡುಗಿ ಇದ್ದಳು. ತಾವು ಮಾಡಿದ ತಪ್ಪನ್ನು ಮುಖ್ಯಸ್ಥರು ಪಾಪದ ಡಿಸೈನರ್ ತಲೆಗೆ ಕಟ್ಟಲು ಹೊರಟಾಗ ಹುಡುಗಿ ದಾಖಲೆ ಸಮೇತ ಬಾಯಿ ತೆರೆದಳು, ಡಿಸೈನರ್ ಉಳಿದುಕೊಂಡ, ಸತ್ಯ ಗೆದ್ದಿತು. ಸಹಮ್‌ನಲ್ಲಿ ಒಂದು ಹುಟ್ಟುಹಬ್ಬದ ಊಟದಲ್ಲಿ ನನ್ನನ್ನೇ ಎದುರು ಕೂರಿಸಿಕೊಂಡು ಒಬ್ಬರು ನನಗೇ ಈ ಕಥೆ ಹೇಳಿದರು. ಆ ಹುಡುಗಿ ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಕೋಳಿ ಸುಕ್ಕ ಚೆನ್ನಾಗಿತ್ತು, ಹಾಗಾಗಿ ನಾನೂ ತಡೆಯಲಿಲ್ಲ.

ಈಗ ತಡೆಯುತ್ತೇನೆ. ದಾಖಲೆ ಇದ್ದದ್ದು ನಿಜ, ಡಿಸೈನರ್ ಉಳಿದದ್ದೂ ನಿಜ. ಆದರೆ ಸತ್ಯದ ಪರವಾಗಿ ಆ ದಿನ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನು ಇದ್ದದ್ದು ಸೇಡಿಗಾಗಿ. ಸೇಡಿಗೂ ಸತ್ಯಕ್ಕೂ ಆ ಹೊತ್ತಿಗೆ ಒಂದೇ ಕಾಗದ ಸಾಕಾಯಿತು, ಅಷ್ಟೇ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಅಮೆರಿಕನ್ ಪಠ್ಯಕ್ರಮದ ಶಾಲೆಗಳಿಗೆ ಬೇಕಾದ ಪಾಠ ಸಾಮಗ್ರಿ ತಯಾರಿಸುವುದು ನಮ್ಮ ಸಂಸ್ಥೆಯ ಒಂದು ವಿಭಾಗ. ಆಫೀಸು ಟಯರ್ ಅಂಗಡಿಯೊಂದರ ಮಹಡಿಯ ಮೇಲೆ. ಕೆಳಗೆ ಗಾಳಿ ಹೊಡೆಯುವ ಯಂತ್ರ ಸದ್ದು ಮಾಡಿದಾಗಲೆಲ್ಲ ನಮ್ಮ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ವಿಭಾಗದಲ್ಲಿ ನಾವು ಮೂವರು. ಮುಖ್ಯಸ್ಥರು ಉಡುಪಿ ಕಡೆಯವರು, ಈ ದೇಶಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು. ಎಲ್ಲರಿಗೂ ಅವರು ಸರ್. ಡಿಸೈನರ್ ಶಿರ್ವದವರು, ಮನೆಮಾತು ಕೊಂಕಣಿ, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಕೊಂಕಣಿಯಲ್ಲಿ ತಂಗಿಯನ್ನು ಕರೆಯುವಂತೆ ಬಾಯಿ ಎನ್ನುತ್ತಿದ್ದರು. ಹೆಂಡತಿ, ಮಗಳು ಅವರ ವೀಸಾದ ಮೇಲೇ ಇಲ್ಲಿದ್ದರು. ಮಗಳು ಆ ವರ್ಷ ಹತ್ತನೆಯ ತರಗತಿ. ಇದು ಮುಂದೆ ಬೇಕಾಗುತ್ತದೆ. ನನ್ನ ತಾಯಿನುಡಿ ತುಳು. ಡಿಗ್ರಿ ಮುಗಿಯುವವರೆಗೂ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಸರ್ ನನ್ನನ್ನು ಬೇರೆಯವರಿಗೆ ಪರಿಚಯಿಸುವಾಗ 'ನಮ್ಮ ಲಾಯರಮ್ಮ' ಎನ್ನುತ್ತಿದ್ದರು. ಅದು ಹೊಗಳಿಕೆಯಲ್ಲ.

ನನಗೆ ಕೊಟ್ಟದ್ದು ಒಂದು ಕಾಲರೇಖೆ. ವಸಾಹತು ಕಾಲದ ಅಮೆರಿಕ ಮತ್ತು ಆಗಿನ ಉಳಿದ ಜಗತ್ತು. ನಾನು ಮೂರು ಪಟ್ಟಿ ಮಾಡಿದೆ. ಮೇಲೆ ಅಮೆರಿಕ, ನಡುವೆ ಒಮಾನ್ ಮತ್ತು ಸುತ್ತಲಿನ ಕಡಲು, ಕೆಳಗೆ ಭಾರತ. ಮೇಲಿನ ಪಟ್ಟಿಯಲ್ಲಿ ಹಡಗು ಬಂದು ಜನ ಇಳಿಯುವಾಗ ಕೆಳಗೆ ಎಂತ ಆಗ್ತಿತ್ತು ಎಂದು ಮಕ್ಕಳಿಗೆ ಒಂದೇ ನೋಟದಲ್ಲಿ ಕಾಣಬೇಕು. ಅಮೆರಿಕದವರು ತಮ್ಮ ಚರಿತ್ರೆಯನ್ನು ಖಾಲಿ ಭೂಮಿಯಲ್ಲಿ ಶುರುವಾದ ಕಥೆಯಂತೆ ಬರೆದುಕೊಳ್ಳುತ್ತಾರೆ. ಆ ಭೂಮಿ ಖಾಲಿ ಇರಲಿಲ್ಲ, ಜಗತ್ತೂ ಖಾಲಿ ಇರಲಿಲ್ಲ. ತೆರಿಗೆಯ ಸಿಟ್ಟಿಗೆ ಬಾಸ್ಟನ್ನಿನ ಬಂದರಿನಲ್ಲಿ ನೀರಿಗೆ ಎಸೆದ ಟೀ ಬೆಳೆದದ್ದು ಚೀನಾದಲ್ಲಿ. ಮಸ್ಕತ್ತಿನ ಕೋಟೆಯಲ್ಲಿ ಕೂತ ಪೋರ್ಚುಗೀಸರು ಉಂಡದ್ದು ನಮ್ಮ ಬಸ್ರೂರು, ಮಂಗಳೂರಿನಿಂದ ಹೋದ ಅಕ್ಕಿ. ಇದನ್ನು ಒಂದೇ ಗೋಡೆಯ ಮೇಲೆ ತರಬೇಕು ಎಂಬುದು ನನ್ನ ಹಟ.

ಪ್ರತಿ ಘಟನೆಗೂ ಒಂದು ರಟ್ಟಿನ ಕಾರ್ಡು. ಘಟನೆ, ಸ್ಥಳ, ತಾರೀಖು, ಆ ತಾರೀಖು ಸಿಕ್ಕಿದ್ದು ಎಲ್ಲಿ. ಎರಡು ಕಡೆ ಒಂದೇ ರೀತಿ ಸಿಗದಿದ್ದರೆ ಕಾರ್ಡು ಪೆಟ್ಟಿಗೆಗೆ ಹೋಗುವ ಹಾಗಿಲ್ಲ. ಇಷ್ಟರಲ್ಲೇ ಒಂದು ತೊಡಕು ಬಂತು. ಇಂಗ್ಲೆಂಡೂ ಅದರ ಅಮೆರಿಕನ್ ವಸಾಹತುಗಳೂ 1752ರವರೆಗೆ ಹಳೆಯ ಕ್ಯಾಲೆಂಡರನ್ನೇ ಇಟ್ಟುಕೊಂಡಿದ್ದವು. ಆ ವರ್ಷ ಸೆಪ್ಟೆಂಬರ್ ಎರಡರ ಮರುದಿನವನ್ನು ಹದಿನಾಲ್ಕು ಎಂದು ಕರೆದು ಹನ್ನೊಂದು ದಿನ ಹಾರಿಸಿ ಹೊಸದಕ್ಕೆ ಬಂದವು. ಹಾಗಾಗಿ ಅದಕ್ಕೆ ಮೊದಲಿನ ಅಮೆರಿಕನ್ ಘಟನೆಗಳಿಗೆ ಎರಡೆರಡು ತಾರೀಖು. ಆ ದೇಶದ ಮೊದಲ ಅಧ್ಯಕ್ಷ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 22. ನಾನು ಎರಡನ್ನೂ ಬರೆದು, ಕೆಳಗೆ ಒಂದು ಸಾಲಿನ ವಿವರಣೆ ಕೊಟ್ಟಿದ್ದೆ.

ಸರ್ ಆ ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದರು. ಎರಡು ತಾರೀಖಿನಲ್ಲಿ ಎರಡನೆಯದನ್ನೂ ಹೊಡೆದರು.

"ಸರ್, ಅದು ಬೇಕು," ಎಂದೆ.

"ಮಕ್ಕಳಿಗೆ ಗೊಂದಲ ಆಗ್ತದೆ. ಒಂದು ಘಟನೆಗೆ ಒಂದು ತಾರೀಖು."

"ಒಂದೇ ಇಡೋದಾದ್ರೆ ಹೊಸದನ್ನು ಇಡಿ. ಪಠ್ಯಪುಸ್ತಕದಲ್ಲಿ ಅದೇ ಉಂಟು."

"ನೀನು ಮೊದಲು ಬರೆದದ್ದು ಯಾವುದು? ಹನ್ನೊಂದು ಅಲ್ವಾ? ಮೊದಲು ಬರೆದದ್ದು ಇರ್ಲಿ. ಮುಗೀತು, ಖಲಾಸ್."

ಮಾದರಿ ಚಾರ್ಟನ್ನು ಹಿಡಿದುಕೊಂಡು ನಾವಿಬ್ಬರೂ ಸಹಮ್‌ನ ಒಂದು ಶಾಲೆಗೆ ಹೋದೆವು. ಸ್ಟಾಫ್ ರೂಮಿನಲ್ಲಿ ಎಂಟು ಮಂದಿ ಟೀಚರುಗಳು. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬರು ಎದ್ದು, "ಈ ಮೊದಲ ಅಧ್ಯಕ್ಷರು ಹುಟ್ಟಿದ ದಿನಕ್ಕೆ ಅಮೆರಿಕದಲ್ಲಿ ರಜೆಯೇ ಉಂಟು, ಫೆಬ್ರವರಿಯ ಹನ್ನೊಂದಕ್ಕೆ ಅಲ್ಲವಲ್ಲ?" ಎಂದು ಕೇಳಿದರು. ನಾನು ಉತ್ತರಕ್ಕೆ ಬಾಯಿ ತೆರೆದೆ. ಸರ್ ನನ್ನ ಭುಜದ ಮೇಲೆ ಕೈಯಿಟ್ಟು ತಡೆದರು.

"ಕ್ಷಮಿಸಿ," ಎಂದರು, ನಗುತ್ತಾ. "ಹೊಸ ಹುಡುಗಿ. ಡಿಬೇಟ್ ಮಾಡಿದವಳು, ಮಾತು ಜಾಸ್ತಿ, ಓದು ಕಡಿಮೆ. ನಾನು ನೋಡ್ಬೇಕಿತ್ತು, ನಂಬಿಬಿಟ್ಟೆ." ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎಲ್ಲರಿಗೂ ಕೇಳುವಂತೆ, "ಸಾರಿ ಹೇಳು" ಎಂದರು.

ನಾನು ಸಾರಿ ಹೇಳಿದೆ. ಎಂಟು ಮಂದಿಯ ಎದುರು, ನಾನು ಮಾಡದ ತಪ್ಪಿಗೆ, ಮಾಡಬೇಡಿ ಎಂದು ನಾನೇ ಹೇಳಿದ್ದ ತಪ್ಪಿಗೆ. ಒಬ್ಬರು ಟೀಚರ್ ಕರುಣೆಯಿಂದ ನನಗೆ ಖರ್ಜೂರದ ತಟ್ಟೆ ಸರಿಸಿದರು. ಆ ಕರುಣೆಯನ್ನು ನಾನು ಇವತ್ತಿಗೂ ಮರೆತಿಲ್ಲ, ಒಳ್ಳೆಯ ಅರ್ಥದಲ್ಲಿ ಅಲ್ಲ.

ಹಿಂದಿರುಗುವ ದಾರಿಯಲ್ಲಿ ಕರಕ್ ಚಹಾ ಕುಡಿಯಲು ಕಾರು ನಿಲ್ಲಿಸಿದರು. "ಬೇಜಾರು ಮಾಡ್ಕೊಳ್ಬೇಡ ಮಾರಾಯ್ತಿ," ಎಂದರು. "ಯಾರಾದ್ರೂ ಒಬ್ರು ತಲೆ ಕೊಡ್ಬೇಕು. ನಂದು ದೊಡ್ಡ ತಲೆ, ಬಿದ್ರೆ ಸಂಸ್ಥೆಗೆ ಪೆಟ್ಟು. ನಿಂದು ಚಿಕ್ಕದು."

ಚಹಾ ಕುಡಿದೆ. ಆ ಗ್ಲಾಸು ಖಾಲಿಯಾಗುವುದರೊಳಗೆ ನನ್ನ ನಿರ್ಧಾರ ಆಗಿತ್ತು. ಯಾವ ರೀತಿ ಎಂದು ಗೊತ್ತಿರಲಿಲ್ಲ. ದಾರಿಯನ್ನು ತೋರಿಸಿಕೊಟ್ಟವರೂ ಅವರೇ.

ಮರುದಿನ ಬೆಳಿಗ್ಗೆ ಸರ್ ಒಂದು ನಿಯಮದೊಂದಿಗೆ ಬಂದರು. ರಾತ್ರಿ ಎಲ್ಲೋ ಓದಿದ್ದರು. "1752ಕ್ಕೆ ಮೊದಲಿನ ಎಲ್ಲ ತಾರೀಖಿಗೂ ಹನ್ನೊಂದು ದಿನ ಕೂಡಿಸಬೇಕು. ಹನ್ನೊಂದಿದ್ರೆ ಇಪ್ಪತ್ತೆರಡು. ಸಿಂಪಲ್. ಇಷ್ಟು ನಿನಗೆ ಗೊತ್ತಿರ್ಲಿಲ್ವಾ?"

ಈ ನಿಯಮದಲ್ಲಿ ಎರಡು ತೂತು. ಒಂದು, ಹನ್ನೊಂದು ದಿನದ ವ್ಯತ್ಯಾಸ ಹದಿನೆಂಟನೆಯ ಶತಮಾನಕ್ಕೆ ಸರಿ. ಅದರ ಹಿಂದಿನ ಶತಮಾನದಲ್ಲಿ ವ್ಯತ್ಯಾಸ ಹತ್ತೇ ದಿನ. ಎರಡನೆಯದು ದೊಡ್ಡದು. ಹಳೆಯ ಕ್ಯಾಲೆಂಡರಿನಲ್ಲಿ ಹಿಂದೆ ಉಳಿದದ್ದು ಇಂಗ್ಲಿಷರು. ಪೋರ್ಚುಗೀಸರು 1582ರಲ್ಲೇ ಹೊಸದಕ್ಕೆ ಬಂದಾಗಿತ್ತು. ಒಮಾನಿಗಳು ಪೋರ್ಚುಗೀಸರ ಕೈಯಿಂದ ಮಸ್ಕತ್ತನ್ನು ಕಿತ್ತುಕೊಂಡದ್ದು 1650ರ ಜನವರಿ ಕೊನೆಯ ವಾರ, ಮತ್ತು ಆ ತಾರೀಖು ಆಗಲೇ ಹೊಸ ಲೆಕ್ಕದ್ದು. ಅದಕ್ಕೆ ಹನ್ನೊಂದು ಕೂಡಿಸಿದರೆ ಮಸ್ಕತ್ತು ಫೆಬ್ರವರಿಗೆ ಹೋಗುತ್ತದೆ. ಆ ಕಾರ್ಡಿನ ಮೂಲೆಯಲ್ಲಿ ನಾನು ಮೊದಲೇ ಬರೆದಿಟ್ಟಿದ್ದೆ: 'ಹೊಸ ಲೆಕ್ಕ. ಮುಟ್ಟಬಾರದು.'

"ಎಲ್ಲ ತಾರೀಖಿಗೂ ಅಂದ್ರೆ ಎಲ್ಲ ಪಟ್ಟಿಗೂ ಅಲ್ಲ ಸರ್..." ಎಂದು ಶುರು ಮಾಡಿದೆ. ಅದು ಅಭ್ಯಾಸಬಲ. ಇನ್ನೂ ಸೇಡು ತೀರಿಸಿಕೊಳ್ಳುವ ಶಿಸ್ತು ಬಂದಿರಲಿಲ್ಲ.

ಸರ್ ಕೈ ಎತ್ತಿದರು. "ನೋಡು, ಹದಿನೆಂಟು ವರ್ಷದಿಂದ ಈ ದೇಶದಲ್ಲಿ ಹಿಜ್ರಿ ತಾರೀಖನ್ನು ಇಂಗ್ಲಿಷ್ ತಾರೀಖು ಮಾಡಿ, ಇಂಗ್ಲಿಷಿದ್ದನ್ನು ಹಿಜ್ರಿ ಮಾಡಿ ಎಷ್ಟು ಕಾಗದ ಕೊಟ್ಟಿದ್ದೇನೆ ಗೊತ್ತುಂಟಾ? ಒಂದು ವಾಪಸ್ ಬರ್ಲಿಲ್ಲ. ತಾರೀಖಿನ ಪಾಠ ನನಗೆ ಬೇಡ. ಇನ್ನು ಮುಂದೆ ವಾದ ಬೇಡ. ನಾನು ತಿದ್ದಿದ ಹಾಗೆ ಮಾಡು."

ಆ ತಪ್ಪು ಹುಟ್ಟಿದ್ದು ಅಲ್ಲಿ. ಇಲ್ಲಿ ಆಫೀಸಿನಲ್ಲಿ ಕೂತವರಿಗೆ ಮುಸ್ಲಿಮರ ಹಿಜ್ರಿ ತಾರೀಖು ಬದಲಿಸುವುದು ಎಂದರೆ ಒಂದು ಪೆಟ್ಟಿಗೆಯಲ್ಲಿ ಅಂಕಿ ಹಾಕಿದರೆ ಇನ್ನೊಂದರಲ್ಲಿ ಉತ್ತರ ಬರುವ ಕೆಲಸ. ಆ ಕಾಗದ ಬರೆದವನು ಯಾರು, ಅವನು ಯಾವ ರಾಜನ ಪ್ರಜೆ, ಅವನ ಚರ್ಚು ಯಾವುದು ಎಂದು ಯಾರೂ ಕೇಳುವುದಿಲ್ಲ. ಚರಿತ್ರೆಯಲ್ಲಿ ಅದನ್ನೇ ಮೊದಲು ಕೇಳಬೇಕು. ಸರ್ ಕೇಳಲಿಲ್ಲ. ನಾನು ಹೇಳಲಿಲ್ಲ.

"ಆಯ್ತು ಸರ್," ಎಂದೆ. "ಸಹಮ್‌ನಲ್ಲಿ ಆದದ್ದು ಮತ್ತೆ ಆಗ್ಬಾರ್ದಲ್ಲ. ಒಂದು ತಿದ್ದುಪಡಿ ಪಟ್ಟಿ ಮಾಡ್ತೇನೆ. ನೀವು ನೋಡಿ ಸಹಿ ಹಾಕಿ."

"ಒಳ್ಳೇದು. ಈಗ ದಾರಿಗೆ ಬಂದೆ."

ಪಟ್ಟಿಯಲ್ಲಿ ಆರು ಕಾಲಂ. ಘಟನೆ, ಮೊದಲಿನ ತಾರೀಖು, ತಿದ್ದಿದ ತಾರೀಖು, ತಿದ್ದಿದವರ ಹೆಸರಿನ ಮೊದಲಕ್ಷರ, ಪ್ರಶ್ನೆ ಇದ್ದರೆ, ಸಹಿ. ತಿದ್ದಿದ ತಾರೀಖನ್ನು ಅವರೇ ಕೆಂಪು ಪೆನ್ನಿನಲ್ಲಿ ಬರೆಯಬೇಕು ಎಂದು ನಿಯಮ ಮಾಡಿದೆ. 'ಪ್ರಶ್ನೆ ಇದ್ದರೆ' ಎಂಬ ಕಾಲಂ ನನ್ನದು. ಅದು ಪೂರ್ತಿ ಖಾಲಿ ಇದ್ದರೆ ಅನುಮಾನ ಬರುತ್ತದೆ. ಹಾಗಾಗಿ ಏನೂ ತೂಕವಿಲ್ಲದ ನಾಲ್ಕೈದು ಸಾಲುಗಳಲ್ಲಿ ಪ್ರಶ್ನೆ ಬರೆದೆ. ಈ ಊರಿನ ಹೆಸರಿನ ಉಚ್ಚಾರ ಸರಿಯಾ, ಈ ಚಿತ್ರ ಬೇಕಾ, ಇಂಥವು. ಮಸ್ಕತ್ತಿನ ಸಾಲಿನಲ್ಲಿ ಏನೂ ಬರೆಯಲಿಲ್ಲ.

ಸರ್ ಫೋನಿನಲ್ಲಿ ಮಾತಾಡುತ್ತಾ ಕೂಡಿಸುತ್ತಾ ಹೋದರು, ಪುಟ ಪುಟಕ್ಕೆ ಸಹಿ ಮಾಡುತ್ತಾ ಹೋದರು. ಓದುವುದಿಲ್ಲ ಎಂದು ಖಚಿತವಾದ ಮೇಲೆ ನಾನು ಇನ್ನೊಂದು ಕೆಲಸವನ್ನೂ ಮಾಡಿದೆ. 1619ರಲ್ಲಿ ವರ್ಜೀನಿಯಾಕ್ಕೆ ಆಫ್ರಿಕನ್ನರನ್ನು ಸೆರೆಯಾಳುಗಳಾಗಿ ತಂದ ಘಟನೆಯ ಕಾರ್ಡನ್ನು ಅವರು ಎರಡು ಸಲ ತೆಗೆದುಹಾಕಿದ್ದರು, 'ಮಕ್ಕಳಿಗೆ ಬೇಡ' ಎಂದು. ಬಸ್ರೂರಿನ ಅಕ್ಕಿಯನ್ನೂ ತೆಗೆದಿದ್ದರು, 'ನಿನ್ನ ಅಜ್ಜನ ಊರಿನ ಪ್ರಚಾರ ಬೇಡ' ಎಂದು. ಎರಡನ್ನೂ ಮತ್ತೆ ಸೇರಿಸಿದೆ. ಎರಡಕ್ಕೂ ಸಹಿ ಬಿತ್ತು. ಸೇಡಿನ ದಾರಿಯಲ್ಲಿ ಎರಡು ಒಳ್ಳೆಯ ಸಾಲು ಗೋಡೆಗೆ ಹೋದವು. ಇದನ್ನು ನನ್ನ ಪರವಾದ ವಾದವಾಗಿ ಹೇಳುತ್ತಿಲ್ಲ. ಹೇಳಿದರೂ ತಪ್ಪಿಲ್ಲ.

ಡಿಸೈನರ್ ಅಣ್ಣನ ಒಂದು ಸ್ವಭಾವ ಇತ್ತು. ಅವರು ಟೈಪ್ ಮಾಡುವ ಪ್ರತಿ ಸಾಲನ್ನೂ ಓದುತ್ತಿದ್ದರು, ಓದಿದ್ದರ ಬಗ್ಗೆ ಕೇಳುತ್ತಿದ್ದರು. ಅಷ್ಟು ಟೀಯನ್ನು ನೀರಿಗೆ ಹಾಕಿದ್ರಲ್ಲ, ಮೀನುಗಳಿಗೆ ನಿದ್ದೆ ಬಂದಿರ್ಲಿಕ್ಕಿಲ್ಲ ಅಲ್ವಾ ಬಾಯಿ, ಅನ್ನುವವರು. ದೊಡ್ಡ ಕಾಗದದಲ್ಲಿ ಪರೀಕ್ಷಾ ಪ್ರತಿ ತೆಗೆದ ದಿನ ಅವರು ನನ್ನ ಮೇಜಿನ ಹತ್ತಿರ ಬಂದು ನಡುವಿನ ಪಟ್ಟಿಯ ಮೇಲೆ ಬೆರಳಿಟ್ಟರು.

"ಬಾಯಿ, ಇದೊಂದು. ಪೋರ್ಚುಗೀಸರು ನಮ್ಮ ಹಾಗೆ ಕೆಥೊಲಿಕರಲ್ವಾ?"

"ಹೌದು."

"ಹೊಸ ಕ್ಯಾಲೆಂಡರ್ ಮಾಡಿದ್ದು ಪೋಪ್ ಅಲ್ವಾ? ನಮ್ಮ ಚರ್ಚಿನ ಕ್ಯಾಟೆಕಿಸಂ ಕ್ಲಾಸಿನಲ್ಲಿ ಪಾದ್ರಿಗಳು ಹೇಳಿದ್ದು ನೆನಪುಂಟು. ಇಂಗ್ಲಿಷರು ಪೋಪರ ಮಾತು ಕೇಳ್ಲಿಲ್ಲ, ಅದಕ್ಕೆ ತಡ. ಇವರು ಕೇಳಿರ್ತಾರಲ್ಲ, ಪೋಪ್ ಹೇಳಿದ ಮೇಲೆ? ಮತ್ತೆ ಇವರಿಗೆ ಎಂತಕ್ಕೆ ಹನ್ನೊಂದು ದಿನ?"

ಎರಡು ತಿಂಗಳು ಓದಿ ನಾನು ಕಂಡುಕೊಂಡದ್ದನ್ನು ಅವರು ಕ್ಯಾಟೆಕಿಸಂ ಕ್ಲಾಸಿನ ನೆನಪಿನಿಂದ ಅರ್ಧ ನಿಮಿಷದಲ್ಲಿ ಹಿಡಿದಿದ್ದರು. ಕೆಳಗೆ ಗಾಳಿಯಂತ್ರ ಶುರುವಾಯಿತು. ಅದು ನಿಲ್ಲುವವರೆಗೆ ಯೋಚಿಸಲು ನನಗೆ ಸಮಯ ಸಿಕ್ಕಿತು. ಸಿಕ್ಕಿದ್ದನ್ನು ಬಳಸಿಕೊಂಡೆ.

"ಅಣ್ಣ, ಸರ್ ಸಹಿ ಆಗಿದೆ. ಹಾಗೇ ಪ್ರಿಂಟಿಗೆ ಬಿಡಿ."

"ಸರ್‌ಗೆ ಒಂದು ಮಾತು ಕೇಳ್ಲಾ?"

"ಬೇಡ. ಅವರಿಗೆ ವಾದ ಆಗುವುದಿಲ್ಲ."

ಅವರು ಪರೀಕ್ಷಾ ಪ್ರತಿಯನ್ನು ಸುತ್ತಿಕೊಂಡರು. "ಆಯ್ತು ಬಾಯಿ," ಎಂದು ಹೋದರು.

ಫ್ಲೆಕ್ಸ್ ಅಂಗಡಿ ಎರಡು ಬೀದಿ ಆಚೆ. ಗೋಡೆ ತುಂಬುವಷ್ಟು ಉದ್ದದ ಬ್ಯಾನರು. ಸುರುಳಿಯಿಂದ ಇಷ್ಟಿಷ್ಟೇ ಬಿಚ್ಚಿಕೊಂಡು ಯಂತ್ರದ ಅಡಿಯಲ್ಲಿ ಹೋಗುತ್ತದೆ. ಇಂಕಿನ ಘಾಟಿಗೆ ಕಣ್ಣು ಉರಿಯುತ್ತಿತ್ತು. ಇಂಗ್ಲಿಷರು ಅಲ್ಲಿ ಕಟ್ಟಿದ ಜೇಮ್ಸ್‌ಟೌನ್ ಊರು ಬಂತು, ವಲಸಿಗರ ಮೇಫ್ಲವರ್ ಹಡಗು ಬಂತು, ನಂತರ ಖಾಲಿ ಬಿಳಿ, ಅದರಾಚೆ ಬರಬೇಕಾದದ್ದು ಮಸ್ಕತ್ತು. ಅಷ್ಟರಲ್ಲಿ ಯಂತ್ರದಲ್ಲಿ ಬಣ್ಣ ಕಟ್ಟಿತು. ಪೇಶಾವರದ ಮೇಸ್ತ್ರಿ ಅದನ್ನು ನಿಲ್ಲಿಸಿ, ಒರೆಸಿ, ನಮ್ಮ ಕಡೆ ತಿರುಗಿ, "ಸಬ್ ಠೀಕ್ ಹೈ ನಾ? ಕುಛ್ ಬದಲ್ನಾ ಹೈ ತೋ ಅಭೀ ಬೋಲೋ" ಎಂದ, ಬದಲಿಸುವುದಿದ್ದರೆ ಈಗಲೇ ಹೇಳಿ ಎಂದು. ಡಿಸೈನರ್ ಅಣ್ಣ ನನ್ನ ಮುಖ ನೋಡಿದರು. ಫೈಲು ಅವರ ಲ್ಯಾಪ್‌ಟಾಪಿನಲ್ಲೇ ಇತ್ತು. ಒಂದು ಪದ ಬದಲಿಸಲು ಎಷ್ಟು ಹೊತ್ತು ಬೇಕು?

ನಾನು ಸಹಮ್‌ನ ಖರ್ಜೂರದ ತಟ್ಟೆಯನ್ನು ನೆನೆದುಕೊಂಡೆ. "ಯಲ್ಲಾ, ಚಲಾವೋ," ಎಂದೆ. ಯಂತ್ರ ಮತ್ತೆ ಓಡಿತು.

ಬ್ಯಾನರು ಸೀಬ್ ಕಡೆಯ ಒಂದು ಶಾಲೆಯ ಚರಿತ್ರೆ ಸಪ್ತಾಹಕ್ಕೆ ಹೋಯಿತು. ಹಾಲ್‌ನ ಉದ್ದಕ್ಕೂ ಕಟ್ಟಿದ್ದರು. ಸರ್ ಹೊಸ ಕೋಟು ಹಾಕಿಕೊಂಡು ಪ್ರಿನ್ಸಿಪಾಲರನ್ನು ಎಡದಿಂದ ಬಲಕ್ಕೆ ನಡೆಸಿಕೊಂಡು ಹೋಗುತ್ತಿದ್ದರು. ನಾನು ಬಾಗಿಲ ಬಳಿ ಕಾಯುತ್ತಿದ್ದೆ. ನನಗೆ ಒಂದು ಲೆಕ್ಕಾಚಾರ ಇತ್ತು. ಯಾರೇ ಆಗಲಿ ಇಷ್ಟು ಉದ್ದದ ಗೋಡೆಯಲ್ಲಿ ಮೊದಲು ಹುಡುಕುವುದು ತಮ್ಮ ಊರನ್ನು.

ಲೆಕ್ಕ ತಪ್ಪಲಿಲ್ಲ. ಆ ಶಾಲೆಯ ಸಮಾಜ ವಿಜ್ಞಾನದ ಹಿರಿಯ ಟೀಚರ್ ಒಮಾನಿ ಹೆಂಗಸು. ಅಮೆರಿಕದ ಪಟ್ಟಿಯತ್ತ ಅವರು ತಲೆಯೂ ಎತ್ತಲಿಲ್ಲ. ನೇರ ನಡುವಿನ ಪಟ್ಟಿಗೆ ಬಂದರು, ನಿಂತರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸರ್ ಪ್ರಿನ್ಸಿಪಾಲರ ಜೊತೆ ಅಲ್ಲಿಗೆ ತಲುಪುವಾಗ ಟೀಚರ್ ತುಂಬಾ ಮೆಲ್ಲಗಿನ ಇಂಗ್ಲಿಷಿನಲ್ಲಿ ಕೇಳಿದರು:

"ಪೋರ್ಚುಗೀಸರನ್ನು ನಾವು ಜನವರಿಯಲ್ಲೇ ಓಡಿಸಿದ್ದೆವು. ನೀವು ಅವರನ್ನು ಫೆಬ್ರವರಿಯವರೆಗೆ ಯಾಕೆ ಇಟ್ಟುಕೊಂಡಿದ್ದೀರಿ? ಅವರು ನಿಮ್ಮ ಅತಿಥಿಗಳಾ?"

ಯಾರೋ ನಕ್ಕರು. ಸರ್ ನಗಲು ನೋಡಿದರು, ಆಗಲಿಲ್ಲ. ಕ್ಯಾಲೆಂಡರ್, ಹನ್ನೊಂದು ದಿನ ಎಂದು ಏನೋ ತೊದಲಿದರು. ಟೀಚರ್ ಅಷ್ಟೇ ಮೆಲ್ಲಗೆ, "ಅದು ಇಂಗ್ಲಿಷರ ಕ್ಯಾಲೆಂಡರ್. ಮಸ್ಕತ್ತಿನಲ್ಲಿ ಇಂಗ್ಲಿಷರು ಎಲ್ಲಿದ್ದರು?" ಎಂದರು. ನಾನು ಬಾಗಿಲ ಬಳಿಯಿಂದ ಸರ್ ಮುಖವನ್ನೇ ನೋಡುತ್ತಿದ್ದೆ. ಸಹಮ್‌ನಲ್ಲಿ ನನ್ನ ಮುಖ ಹೀಗೇ ಇದ್ದಿರಬೇಕು ಎಂದುಕೊಂಡೆ. ಸಂತೋಷವಾಯಿತು. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಮಧ್ಯಾಹ್ನದೊಳಗೆ ಬ್ಯಾನರು ಇಳಿಯಿತು.

ಶಾಲೆ ಕೇಳಿದ್ದು ಒಂದೇ: ಇದು ಯಾರಿಂದ ಆಯಿತು, ಅವರ ಮೇಲೆ ಏನು ಕ್ರಮ, ಬರೆದು ಕೊಡಿ. ಭಾನುವಾರ ಬೆಳಿಗ್ಗೆ ಸಂಸ್ಥೆಯ ಒಡತಿ ನಮ್ಮ ಮೂವರನ್ನೂ ಕರೆದರು. ಮಂಗಳೂರಿನವರು, ಮಾತು ಕಡಿಮೆ. ಪತ್ರದಲ್ಲಿ ಯಾರ ಹೆಸರು ಬರುತ್ತದೋ ಅವರಿಗೆ ಇಲ್ಲಿ ಜಾಗವಿಲ್ಲ ಎಂದು ಮೊದಲೇ ಹೇಳಿದ್ದರು.

ಒಳಗೆ ಹೋಗುವ ಮೊದಲು ನಾನು ಒಂದು ಕೆಲಸ ಮಾಡಿದ್ದೆ. ಕಾರ್ಡಿನ ಪೆಟ್ಟಿಗೆಯಿಂದ ಮಸ್ಕತ್ತಿನ ಕಾರ್ಡನ್ನು ತೆಗೆದು ಹರಿದು ಚೂರು ಮಾಡಿ, ಟಯರ್ ಅಂಗಡಿಯ ಕಸದ ಡ್ರಮ್ಮಿಗೆ ಹಾಕಿ ಬಂದಿದ್ದೆ. 'ಮುಟ್ಟಬಾರದು' ಎಂಬ ನನ್ನ ಅಕ್ಷರ ಸಿಕ್ಕಿದರೆ ನನಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಜನ ಹೇಳುವ ಕಥೆಯಲ್ಲಿ ಈ ಚೂರುಗಳು ಬರುವುದಿಲ್ಲ.

ತಿದ್ದುಪಡಿ ಪಟ್ಟಿಯ ಫೈಲು ನನ್ನ ಮಡಿಲಲ್ಲಿತ್ತು. ಸರ್ ಈ ಸಲವೂ ನನ್ನನ್ನೇ ತೋರಿಸುತ್ತಾರೆ, ತೋರಿಸಿದ ಕ್ಷಣ ತೆರೆಯುತ್ತೇನೆ. ಇದು ನನ್ನ ಯೋಜನೆ.

"ಟೈಪಿಂಗಿನಲ್ಲಿ ಹೋಗಿದೆ ಮೇಡಂ," ಎಂದರು ಸರ್. "ನಾನು ಹೇಳಿದ್ದು ಅಮೆರಿಕದ ಪಟ್ಟಿಗೆ ಮಾತ್ರ. ಇವರು ಎಲ್ಲದಕ್ಕೂ ಹಾಕಿಬಿಟ್ಟಿದ್ದಾರೆ." ಅವರ ಕೈ ಡಿಸೈನರ್ ಅಣ್ಣನ ಕಡೆ ಇತ್ತು.

ಇದನ್ನು ನಾನು ಯೋಚಿಸಿರಲಿಲ್ಲ. ಯೋಚಿಸಬೇಕಿತ್ತು. ಎರಡನೆಯ ಸಲವೂ ಅದೇ ಹುಡುಗಿ ಎಂದರೆ, ಮೊದಲನೆಯ ಸಲ ಆದ ಮೇಲೆ ನೀವು ಏನು ನೋಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಇನ್ನೊಂದು ತಲೆ ಬೇಕು. ಅಲ್ಲಿದ್ದವುಗಳಲ್ಲಿ ಅತ್ಯಂತ ಚಿಕ್ಕದನ್ನು ಆರಿಸಿಕೊಂಡಿದ್ದರು.

ಮೇಡಂ ಡಿಸೈನರ್ ಅಣ್ಣನ ಕಡೆ ತಿರುಗಿದರು. "ನೀವು ಟೈಪ್ ಮಾಡುವಾಗ ಓದ್ತೀರಿ ಅಂತ ಗೊತ್ತುಂಟು ನನಗೆ. ಒಂದು ಸಲವೂ ಸಂಶಯ ಬರ್ಲಿಲ್ವಾ? ಯಾರತ್ರಾದ್ರೂ ಕೇಳಿದ್ರಾ?"

ಅಣ್ಣ ನನ್ನನ್ನು ನೋಡಿದರು. ನಂತರ ಫೈಲನ್ನು, ಅದರ ಮೇಲಿದ್ದ ನನ್ನ ಕೈಯನ್ನು.

"ಇಲ್ಲ ಮೇಡಂ," ಎಂದರು. "ಯಾರತ್ರವೂ ಕೇಳ್ಲಿಲ್ಲ."

"ಮಗಳು ಹತ್ತನೇ ಅಲ್ವಾ?"

"ಹೌದು ಮೇಡಂ."

"ಪರೀಕ್ಷೆ ಮುಗಿಯುವವರೆಗೆ ಏನಾದ್ರೂ ಮಾಡ್ಬಹುದಾ ನೋಡ್ತೇನೆ. ಆಮೇಲೆ ಊರಿಗೆ ಹೋಗ್ಲಿಕ್ಕೆ ತಯಾರಿ ಮಾಡಿ."

ಆಗಲೂ ನಾನು ಫೈಲನ್ನು ತೆರೆಯಲಿಲ್ಲ. ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಎಲ್ಲರೂ ತಪ್ಪಿಸಿಕೊಳ್ಳುವುದು ಇಲ್ಲೇ. ಎದುರಾಳಿ ಗುಂಡಿ ತೋಡುತ್ತಿರುವಾಗ ಅಡ್ಡ ಬರಬಾರದು, ಅವನು ತನ್ನ ಬಾಯಿಂದಲೇ ಪೂರ್ತಿ ವಾಕ್ಯ ಹೇಳುವವರೆಗೆ ಕಾಯಬೇಕು ಎಂದು ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದರು. ಸರ್ ಇನ್ನೂ ಪೂರ್ತಿ ವಾಕ್ಯ ಹೇಳಿರಲಿಲ್ಲ. ಅಣ್ಣನ ಕೈ ಮೇಜಿನ ಅಂಚನ್ನು ಹಿಡಿದಿತ್ತು. ನಾನು ಕಾದೆ.

"ಅದೇ ಮೇಡಂ ನಾನು ಹೇಳೋದು," ಎಂದರು ಸರ್, ಉಸಿರು ಸಲೀಸಾಗಿ. "ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ಮಸ್ಕತ್ತಿನ ತಾರೀಖನ್ನು ನಾನು ಮುಟ್ಟಿಯೇ ಇಲ್ಲ."

ಬಂತು.

ಫೈಲನ್ನು ತೆರೆದು ಮೇಡಂ ಎದುರು ಇಟ್ಟೆ. ಮಸ್ಕತ್ತಿನ ಸಾಲು, ಮೊದಲಿನ ತಾರೀಖು ನೀಲಿಯಲ್ಲಿ, ತಿದ್ದಿದ್ದು ಕೆಂಪಿನಲ್ಲಿ, ಪಕ್ಕದಲ್ಲಿ ಸಹಿ. ಮೇಡಂ ಪುಟ ತಿರುಗಿಸಿ ಇನ್ನೂ ಎರಡು ಸಹಿಗಳನ್ನು ನೋಡಿ ಮತ್ತೆ ಮೊದಲಿನ ಪುಟಕ್ಕೆ ಬಂದರು.

"ಇದು ನಿಮ್ಮ ಸಹಿಯಾ?"

"ಸಹಿ ನಂದು."

"ಕೆಂಪು ಅಕ್ಷರ?"

ಸರ್ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಈಗಷ್ಟೇ ಒಂದು ಲೆಕ್ಕ ಬಗೆಹರಿದವರ ಹಾಗಿದ್ದರು. "ನಿಂಗೆ ಗೊತ್ತಿತ್ತು."

"ಸರ್, ನೀವು ವಾದ ಬೇಡ ಅಂದಿದ್ರಿ."

"ಗೊತ್ತಿತ್ತಾ?" ಈ ಸಲ ಕೇಳಿದ್ದು ಮೇಡಂ.

"ಸಂಶಯ ಬಂದ ಕಡೆಯೆಲ್ಲ ಪ್ರಶ್ನೆಯ ಕಾಲಂನಲ್ಲಿ ಬರೆದಿದ್ದೇನೆ ಮೇಡಂ. ನೋಡಿ."

ನೋಡಿದರು. ಉಚ್ಚಾರದ ಪ್ರಶ್ನೆ, ಚಿತ್ರದ ಪ್ರಶ್ನೆ. ಮಸ್ಕತ್ತಿನ ಎದುರು ಖಾಲಿ.

ಸರ್‌ಗೆ ಒಂದು ಒಳ್ಳೆಯ ವಾದ ಇತ್ತು, ಅವರಿಗೆ ಅದು ಗೊತ್ತಿರಲಿಲ್ಲ. ಮೇಫ್ಲವರಿನ ಜನ ಇಳಿದ ಪ್ಲಿಮತ್ ಊರಿನವರೇ, ಒಂದೂವರೆ ಶತಮಾನದ ನಂತರ ತಮ್ಮ ಹಿರಿಯರ ನೆನಪಿನ ದಿನ ಆಚರಿಸಲು ಹೊರಟಾಗ, ಹತ್ತು ದಿನ ಕೂಡಿಸಬೇಕಾದ ಕಡೆ ಹನ್ನೊಂದು ಕೂಡಿಸಿದ್ದರು. ಸ್ವಂತ ಅಜ್ಜಂದಿರ ವಿಷಯದಲ್ಲೇ ಅವರು ಎಡವಿದ ಮೇಲೆ ಉಡುಪಿಯವರೊಬ್ಬರು ಅಲ್ ಮಬೇಲಾದಲ್ಲಿ ಎಡವಿದ್ದು ಅಂಥ ಅಪರಾಧವಾ? ಈ ಒಂದು ಮಾತು ಹೇಳಿದ್ದರೆ ಮೇಡಂ ಮೆತ್ತಗಾಗುತ್ತಿದ್ದರು. ಆ ಕಾರ್ಡೂ ನನ್ನ ಪೆಟ್ಟಿಗೆಯಲ್ಲಿತ್ತು. ಅಲ್ಲೇ ಇರಲು ಬಿಟ್ಟೆ.

ಮೇಡಂ ಸರ್ ಅವರನ್ನು ಪೂರ್ತಿ ತೆಗೆಯಲಿಲ್ಲ, ಹದಿನೆಂಟು ವರ್ಷದ ಮುಖ ನೋಡಿ. ಇಲ್ಲಿಂದ ದೂರ, ಒಳನಾಡಿನ ಇಬ್ರಾದಲ್ಲಿ ನಮ್ಮದೊಂದು ಸಣ್ಣ ಶಾಖೆ ಇದೆ, ಐದನೆಯ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರು ಬೇಕಿದ್ದರು. ಅಲ್ಲಿಗೆ ಹೋದರು. ಕೂಡಿಸುವ ಲೆಕ್ಕ ಅಲ್ಲಿ ಬೇಕಾದಷ್ಟು ಇರುತ್ತದೆ ಎಂದು ನಾನು ಕೆಳಗಿನ ಟಯರ್ ಅಂಗಡಿಯವರಿಗೂ ಹೇಳಿ ನಗಿಸಿದೆ. ಅವರ ಕುರ್ಚಿ ನನಗೆ ಬಂತು. ಹೊಸ ಬ್ಯಾನರು ಮಾಡಿ ಅದೇ ಶಾಲೆಗೆ ಕಳಿಸಿದೆವು. ಒಮಾನಿ ಟೀಚರ್ ಮಸ್ಕತ್ತನ್ನು ಓದಿ ತಲೆಯಾಡಿಸಿ, ನಂತರ ಬಸ್ರೂರಿನ ಅಕ್ಕಿಯ ಮುಂದೆ ಬಹಳ ಹೊತ್ತು ನಿಂತಿದ್ದರಂತೆ. ನನಗೆ ಪಶ್ಚಾತ್ತಾಪ ಇಲ್ಲ. ಸರ್ ಆ ಸ್ಟಾಫ್ ರೂಮಿನಲ್ಲಿ ನನ್ನ ಭುಜದ ಮೇಲೆ ಇಟ್ಟ ಕೈಗೆ ಇಬ್ರಾ ಸರಿಯಾದ ದೂರ.

ಡಿಸೈನರ್ ಅಣ್ಣ ಈಗಲೂ ಅದೇ ಮೇಜಿನಲ್ಲಿದ್ದಾರೆ. ಮಗಳು ಪರೀಕ್ಷೆ ಮುಗಿಸಿ ಹನ್ನೊಂದನೆಯ ತರಗತಿಗೂ ಇಲ್ಲೇ ಸೇರಿದಳು. ಸಿಹಿ ತಂದುಕೊಟ್ಟರು, ಮಾತು ಮೊದಲಿನಷ್ಟೇ ಮರ್ಯಾದೆಯದು. ಒಂದು ಮಾತ್ರ ನಿಂತಿದೆ. ಅವರು ಏನನ್ನೂ ಕೇಳುವುದಿಲ್ಲ. ಮೀನಿನ ನಿದ್ದೆಯ ಬಗ್ಗೆಯೂ ಇಲ್ಲ, ಪೋಪರ ಬಗ್ಗೆಯೂ ಇಲ್ಲ. ಕಳೆದ ವಾರ ಒಂದು ಪುಟದಲ್ಲಿ ನಾನೇ ಒಂದು ಶತಮಾನ ತಪ್ಪು ಬರೆದಿದ್ದೆ. ಅದು ಯಾರ ಕಣ್ಣಿಗಾದರೂ ಬೀಳುವಂಥದ್ದು. ಅವರು ಅದನ್ನು ಚೆಂದವಾಗಿ ಜೋಡಿಸಿ, ಅಂಚು ಸರಿಮಾಡಿ, ನನ್ನ ಮೇಜಿಗೆ ತಂದಿಟ್ಟರು. ನಾನು ಪುಟವನ್ನು ನೋಡಿ ತಲೆ ಎತ್ತುವಷ್ಟರಲ್ಲಿ ಅವರು ಹಿಂದಿರುಗಿ ಹೋಗಿ ಕೂತಾಗಿತ್ತು.

ಎದ್ದು ಅವರ ಮೇಜಿನ ಹತ್ತಿರ ಹೋದೆ. ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಗೆರೆಯನ್ನು ಇನ್ನೊಂದು ಗೆರೆಗೆ ಹೊಂದಿಸುತ್ತಾ ಇದ್ದರು.

"ಅಣ್ಣಾ," ಎಂದೆ, "ನನ್ನ ಕೈ ಫೈಲಿನ ಮೇಲಿದ್ದದ್ದು ನಿಮಗೆ ಕಾಣ್ತಿತ್ತು. ನಿಮ್ಮನ್ನು ಊರಿಗೆ ಕಳಿಸುವ ಮಾತು ಬಂದ ಮೇಲೂ ನಾನು ಅದನ್ನು ತೆರೆಯದೆ ಕೂತದ್ದೂ ಕಾಣ್ತಿತ್ತು. ಮೇಡಂ ಕೇಳಿದಾಗ ನನ್ನ ಹೆಸರು ಎಂತಕ್ಕೆ ಹೇಳ್ಲಿಲ್ಲ?"